ಕಾಳಿಗೆ ನುಸಿ ಹತ್ತಿದರೆ ಮೊದಲು ಮುಚ್ಚಳ ನೋಡಿ



ಕಳೆದ ಬೇಸಿಗೆಯಲ್ಲಿ ಕಲಬುರಗಿ ಜಿಲ್ಲೆಯ ಒಂದು ಹಳ್ಳಿಗೆ ಹೋಗಿದ್ದೆ. ತೊಗರಿ ಬೆಳೆಯುವ ಹಿರಿಯರೊಬ್ಬರು ತಮ್ಮ ಮನೆಗೆ ಕರೆದೊಯ್ದು, ತಗಡಿನ ದೊಡ್ಡ ಡಬ್ಬಿಯೊಂದರ ಮುಂದೆ ನಿಲ್ಲಿಸಿದರು. ಒಳಗೆ ಬಿತ್ತನೆಗೆಂದು ಇಟ್ಟ ತೊಗರಿ. ಮುಚ್ಚಳ ತೆಗೆದರೆ ಕಾಳಿನ ಮೇಲೆ ಕಂದು ದುಂಬಿಗಳು ಹರಿದಾಡುತ್ತಿದ್ದವು. ಒಂದು ಹಿಡಿ ತೆಗೆದು ನೋಡಿದರೆ ಮೂರರಲ್ಲೊಂದು ಕಾಳಿಗೆ ದುಂಡನೆಯ ತೂತು.

"ಸಾಹೇಬ್ರ, ಎರಡು ಸಲ ಗುಳಿಗಿ ಹಾಕೀನ್ರಿ. ಆದ್ರೂ ಹುಳ ಸಾಯವಲ್ದು. ಇದಕ್ಕಿಂತ ಜೋರು ಔಷಧ ಇದ್ರ ಹೇಳ್ರಿ" ಎಂದರು.

"ಯಜಮಾನರ, ಔಷಧದ ಮಾತು ಆಮ್ಯಾಲ. ಮೊದಲು ಮುಚ್ಚಳ ತೋರಸ್ರಿ" ಎಂದೆ.

ಮುಚ್ಚಳವನ್ನು ಮತ್ತೆ ಇಟ್ಟು ನೋಡಿದೆವು. ಡಬ್ಬಿಯ ಅಂಚು ಒಂದು ಕಡೆ ನಗ್ಗಿತ್ತು. ಅಲ್ಲಿ ನನ್ನ ಕಿರುಬೆರಳು ಸಲೀಸಾಗಿ ಒಳಗೆ ಹೋಯಿತು. ಕಾಳು ತೆಗೆಯಲು ಕೆಳಗೆ ಮಾಡಿದ್ದ ಕಿಂಡಿಯ ಬಾಗಿಲು ತುಕ್ಕು ಹಿಡಿದು ಅರ್ಧಕ್ಕೇ ನಿಂತಿತ್ತು. ಹಾಕಿದ ವಿಷವೆಲ್ಲ ಈ ಎರಡು ದಾರಿಯಿಂದ ಕೋಣೆಗೆ ಬಂದಿದೆ. ಅದೇ ಕೋಣೆಯಲ್ಲಿ, ಡಬ್ಬಿಯಿಂದ ಎರಡು ಮಾರು ದೂರದಲ್ಲಿ, ಮಗುವಿನ ತೊಟ್ಟಿಲು ತೂಗುತ್ತಿತ್ತು. ಆ ಮನೆಯಲ್ಲಿ ಅನಾಹುತವಾಗದೆ ಉಳಿದದ್ದು ಕಿಟಕಿ ತೆರೆದಿದ್ದುದರಿಂದ ಇರಬೇಕು.

ಈ ಲೇಖನ ಬರೆಯಲು ಆ ತೊಟ್ಟಿಲೇ ಕಾರಣ. ಧಾನ್ಯ ಸಂಗ್ರಹಣೆಯ ವಿಷಯದಲ್ಲಿ ನಮ್ಮ ಗಮನವೆಲ್ಲ ಔಷಧದ ಮೇಲಿದೆ, ಗಾಳಿಯ ಮೇಲೆ ಇಲ್ಲ. ಗಾಳಿ ಆಡದಂತೆ ಮುಚ್ಚಿದ ಪಾತ್ರೆಗೆ ಬಹುಮಟ್ಟಿಗೆ ಔಷಧವೇ ಬೇಡ. ಗಾಳಿ ಆಡುವ ಪಾತ್ರೆಗೆ ಎಷ್ಟು ಔಷಧ ಹಾಕಿದರೂ ಸಾಲದು. ಇದು ನನ್ನ ಖಚಿತವಾದ ಅಭಿಪ್ರಾಯ. ಕಾರಣಗಳನ್ನು ಹೇಳುತ್ತೇನೆ, ತಾವೇ ತೂಗಿ ನೋಡಬೇಕು.

ಮೊದಲನೆಯದಾಗಿ, ಹುಳು ಎಲ್ಲಿಂದ ಬರುತ್ತದೆ ಎಂಬುದು. ತೊಗರಿ, ಹೆಸರು, ಅಲಸಂದೆಗಳ ದುಂಬಿ ಹೊಲದಲ್ಲಿಯೇ ಮಾಗಿದ ಕಾಯಿಗಳ ಮೇಲೆ ತತ್ತಿ ಇಡುತ್ತದೆ. ರಾಶಿಯ ಜೊತೆಯಲ್ಲಿಯೇ ಅದು ಮನೆಗೆ ಬರುತ್ತದೆ. ಜೋಳ, ಭತ್ತ, ಗೋಧಿಗಳಿಗೆ ಸೊಂಡಿಲು ಹುಳು ಹಳೆಯ ಚೀಲದ ಹೊಲಿಗೆಯಿಂದಲೋ ಗೋಡೆಯ ಬಿರುಕಿನಿಂದಲೋ ಹತ್ತುತ್ತದೆ. ಆದುದರಿಂದ ಹುಳು ಒಳಗೆ ಬಾರದಂತೆ ತಡೆಯುತ್ತೇನೆಂದರೆ ಅದು ಆಗುವ ಕೆಲಸವಲ್ಲ, ಅದು ಆಗಲೇ ಒಳಗಿದೆ. ನಮ್ಮ ಕೈಯಲ್ಲಿರುವುದು ಅದು ಉಸಿರಾಡುವ ಗಾಳಿ ಮಾತ್ರ. ಹುಳು ನಮ್ಮಂತೆಯೇ ಆಮ್ಲಜನಕವನ್ನು ಎಳೆದುಕೊಂಡು ಇಂಗಾಲದ ಡೈಆಕ್ಸೈಡನ್ನು ಬಿಡುತ್ತದೆ. ಹೊರಗಿನ ಗಾಳಿಯಲ್ಲಿ ಶೇಕಡ 21ರಷ್ಟು ಆಮ್ಲಜನಕವಿದೆ. ಮುಚ್ಚಿದ ಪಾತ್ರೆಯಲ್ಲಿ ಹುಳುಗಳೇ ಅದನ್ನು ಉಸಿರಾಡಿ ಮುಗಿಸುತ್ತವೆ. ಅದು ಶೇಕಡ 3ರ ಸುಮಾರಿಗೆ ಅಥವಾ ಅದಕ್ಕೂ ಕೆಳಗೆ ಇಳಿದಾಗ ಹುಳು ತಿನ್ನುವುದನ್ನು ನಿಲ್ಲಿಸುತ್ತದೆ, ಬೆಳೆಯುವುದಿಲ್ಲ, ತತ್ತಿ ಇಡುವುದಿಲ್ಲ, ಕೊನೆಗೆ ಸಾಯುತ್ತದೆ.

ಹೇಗೆ ಸಾಯುತ್ತದೆಂಬುದು ಸ್ವಾರಸ್ಯದ ಸಂಗತಿ. ಉಸಿರುಗಟ್ಟಿ ತಕ್ಷಣ ಸಾಯುತ್ತದೆಂದು ಬಹಳ ಕಾಲ ನಂಬಲಾಗಿತ್ತು. ಅಲಸಂದೆ ದುಂಬಿಯ ಮೇಲೆ ನಡೆದ ಅಧ್ಯಯನಗಳು ಬೇರೆಯದನ್ನೇ ತೋರಿಸಿವೆ. ಒಣ ಕಾಳಿನೊಳಗಿರುವ ಮರಿಗೆ ಕುಡಿಯಲು ನೀರಿಲ್ಲ. ತಿಂದ ಹಿಟ್ಟನ್ನು ಆಮ್ಲಜನಕದ ಸಹಾಯದಿಂದ ಅರಗಿಸಿಕೊಂಡಾಗ ಅದರ ದೇಹದಲ್ಲಿಯೇ ಸ್ವಲ್ಪ ನೀರು ಹುಟ್ಟುತ್ತದೆ. ಅದೇ ಅದರ ಜೀವಜಲ. ಆಮ್ಲಜನಕ ಕಡಿಮೆಯಾದರೆ ಆ ನೀರೂ ನಿಲ್ಲುತ್ತದೆ. ಅಂದರೆ ಹುಳು ಬಾಯಾರಿ, ಒಣಗಿ ಸಾಯುತ್ತದೆ. ಇದಕ್ಕೆ ದಿನಗಳು, ಕೆಲವೊಮ್ಮೆ ವಾರಗಳು ಬೇಕು. ಆ ಅವಧಿಯಲ್ಲಿ ಒಂದು ಸಣ್ಣ ಸಂದಿನಿಂದ ಹೊಸ ಗಾಳಿ ಬಂದರೂ ಅದು ಮತ್ತೆ ಚೇತರಿಸಿಕೊಳ್ಳುತ್ತದೆ.

ಈ ತತ್ವ ನಮಗೆ ಹೊಸದೇನೂ ಅಲ್ಲ. ನನ್ನ ಅಜ್ಜನ ಮನೆಯ ಮುಂದೆ ಎರಡು ಹಗೇವುಗಳಿದ್ದವು. ನಾನು ಸಣ್ಣವನಿದ್ದಾಗ ಒಂದು ಆಗಲೇ ಮುಚ್ಚಿಹೋಗಿತ್ತು, ಇನ್ನೊಂದರಲ್ಲಿ ಬಿಳಿಜೋಳ ಹಾಕುತ್ತಿದ್ದರು. ತಳಕ್ಕೂ ಸುತ್ತಲಿನ ಗೋಡೆಗೂ ಕಣಿಕೆ ಮತ್ತು ಹೊಟ್ಟನ್ನು ದಪ್ಪವಾಗಿ ಕೊಟ್ಟು, ಜೋಳ ಸುರಿದು, ಮೇಲೆ ಮತ್ತೆ ಹೊಟ್ಟು ಹಾಕಿ, ಬಾಯಿಗೆ ಕಲ್ಲಿನ ಚಪ್ಪಡಿ ಎಳೆದು ಹಸಿಮಣ್ಣಿನಿಂದ ಮೆತ್ತುತ್ತಿದ್ದರು. ಮಣ್ಣು ಒಣಗಿ ಬಿರುಕು ಬಿಟ್ಟರೆ ಅವ್ವ ಮತ್ತೆ ಮೆತ್ತುತ್ತಿದ್ದಳು. ಆ ಬಿರುಕನ್ನು ಯಾಕೆ ಅಷ್ಟು ಕಟ್ಟುನಿಟ್ಟಾಗಿ ಮುಚ್ಚುತ್ತಿದ್ದಳೆಂದು ನನಗೆ ತಿಳಿದದ್ದು ಕಾಲೇಜಿಗೆ ಹೋದ ಮೇಲೆ.

ಹಗೇವು ತೆಗೆಯುವ ದಿನ ಅಜ್ಜ ಯಾರನ್ನೂ ಕೂಡಲೇ ಇಳಿಯಗೊಡುತ್ತಿರಲಿಲ್ಲ. ಚಪ್ಪಡಿ ಸರಿಸಿ ಬಹಳ ಹೊತ್ತು ಬಿಟ್ಟು, ಉರಿಯುವ ಕಂದೀಲನ್ನು ಹಗ್ಗದಲ್ಲಿ ಕೆಳಗೆ ಬಿಡುತ್ತಿದ್ದ. ಕಂದೀಲು ನಂದಿದರೆ ಇನ್ನೂ ಕಾಯಬೇಕು. ಹೀಗೆ ನೋಡದೆ ಇಳಿದು ಸತ್ತವರ ಕಥೆಗಳು ನಮ್ಮ ಕಡೆಯ ಅನೇಕ ಊರುಗಳಲ್ಲಿವೆ. ಮನುಷ್ಯನನ್ನೇ ಕೊಲ್ಲುವಷ್ಟು ಗಾಳಿ ಕೆಟ್ಟಿರುವಲ್ಲಿ ನುಸಿ ಬದುಕುವುದುಂಟೇ? ಅಜ್ಜನಿಗೆ ಆಮ್ಲಜನಕದ ಹೆಸರು ಗೊತ್ತಿರಲಿಲ್ಲ, ಕೆಲಸ ಗೊತ್ತಿತ್ತು.

ಹಾಗೆಂದು ಎಲ್ಲರೂ ಮತ್ತೆ ಹಗೇವು ತೋಡಬೇಕೆಂದು ನಾನು ಹೇಳುವುದಿಲ್ಲ. ಹಗೇವಿನಲ್ಲಿ ನೆಲದ ತೇವ ಒಳಗಿಳಿದು ಬದಿಯ ಜೋಳ ಮುಗ್ಗು ಹಿಡಿಯುತ್ತಿತ್ತು, ಆ ಜೋಳ ಬಿತ್ತನೆಗೆ ಬರುತ್ತಿರಲಿಲ್ಲ. ಮಳೆ ಹೆಚ್ಚಾದ ವರ್ಷ ನೀರೇ ನುಗ್ಗುತ್ತಿತ್ತು. ಹಗೇವನ್ನು ಬಿಟ್ಟದ್ದು ತಪ್ಪಲ್ಲ. ಬಿಡುವಾಗ ಅದರ ಜೊತೆಗೆ ಗಾಳಿ ಕಟ್ಟುವ ಬುದ್ಧಿಯನ್ನೂ ಬಿಟ್ಟೆವಲ್ಲ, ಅದು ತಪ್ಪು. ಹಗೇವಿನಿಂದ ಗೋಣಿಚೀಲಕ್ಕೆ ಬಂದೆವು. ಗೋಣಿಚೀಲದ ಕಣ್ಣುಕಣ್ಣಿನಲ್ಲಿಯೂ ಗಾಳಿ ಆಡುತ್ತದೆ. ನುಸಿಗೆ ಅದಕ್ಕಿಂತ ಒಳ್ಳೆಯ ಮನೆ ಬೇರೊಂದಿಲ್ಲ.

ಈಗ ಕಟ್ಟಡದ ಮಾತಿಗೆ ಬರೋಣ. ಗಾಳಿ ಸೋರುವುದು ಎಲ್ಲಿ? ಗೋಡೆಯ ನಡುಮಧ್ಯದಲ್ಲಿ ಅಲ್ಲ. ಗೋಡೆ ಮಾಳಿಗೆಗೆ ಕೂಡುವಲ್ಲಿ, ನೆಲಕ್ಕೆ ತಾಗುವಲ್ಲಿ, ಬಾಗಿಲು ಚೌಕಟ್ಟಿಗೆ ಮುಟ್ಟುವಲ್ಲಿ, ಕೊಳವೆಯೊಂದು ಗೋಡೆಯನ್ನು ತೂರುವಲ್ಲಿ. ತಗಡಿನ ಡಬ್ಬಿಗೂ ಇದೇ ನಿಯಮ. ತಗಡಿನೊಳಗಿಂದ ಗಾಳಿ ಹೋಗುವುದಿಲ್ಲ, ತಗಡು ತಗಡಿಗೆ ಕೂಡುವ ಬೆಸುಗೆಯಲ್ಲಿ, ಮುಚ್ಚಳದಲ್ಲಿ, ಕಿಂಡಿಯಲ್ಲಿ ಹೋಗುತ್ತದೆ. ಆದುದರಿಂದ ಗಾಳಿತಡೆ ಎಂಬುದು ಎಲ್ಲಿಯೂ ಕಡಿಯದೆ ಸುತ್ತಲೂ ಒಂದೇ ಆಗಿರಬೇಕು. ನೂರರಲ್ಲಿ ತೊಂಬತ್ತೊಂಬತ್ತು ಪಾಲು ಮುಚ್ಚಿ ಒಂದು ಪಾಲು ಬಿಟ್ಟರೆ, ಆ ಒಂದು ಪಾಲೇ ಹುಳುವಿಗೆ ಸಾಕು.

ಇದಕ್ಕೆ ನಮ್ಮ ದೇಶದಲ್ಲಿಯೇ ಒಂದು ಒಳ್ಳೆಯ ಉದಾಹರಣೆ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯವರು ರೂಪಿಸಿದ ಪೂಸಾ ಕಣಜ. ಹಸಿ ಇಟ್ಟಿಗೆಯ ಎರಡು ಗೋಡೆಗಳು, ಅವುಗಳ ನಡುವೆ 700 ಗೇಜಿನ ಪಾಲಿಥೀನ್ ಹಾಳೆ. ನೆಲದಲ್ಲಿಯೂ ಹಾಳೆ, ಮೇಲೆ ಚಾವಣಿಯಲ್ಲಿಯೂ ಹಾಳೆ, ಎಲ್ಲವೂ ಒಂದಕ್ಕೊಂದು ಬೆಸೆದು ಅಂಗಿ ತೊಡಿಸಿದಂತೆ. ಹಸಿ ಇಟ್ಟಿಗೆಯ ಗೋಡೆ ತಾನಾಗಿ ಗಾಳಿಯನ್ನೂ ತೇವವನ್ನೂ ತಡೆಯಲಾರದು. ತಡೆಯುವುದು ಹಾಳೆ. ಗೋಡೆಯ ಕೆಲಸ ಹಾಳೆಯನ್ನು ಹರಿಯದಂತೆ ಕಾಪಾಡುವುದು. ಇಲಿ ಕೊರೆಯಬಾರದೆಂದು ಹೊರಗೋಡೆಯ ಬುಡಕ್ಕೆ ಮೊಳದೆತ್ತರ ಸುಟ್ಟ ಇಟ್ಟಿಗೆ. ಕಡಿಮೆ ಖರ್ಚಿನ, ಊರಿನ ಗೌಂಡಿಯೇ ಕಟ್ಟಬಲ್ಲ ಈ ಕಣಜ ನಮ್ಮ ಭಾಗದಲ್ಲಿ ಅಷ್ಟಾಗಿ ಹರಡಲಿಲ್ಲ. ಕಟ್ಟಿದ ಕೆಲವರೂ ಹಾಳೆಯ ಜೋಡಣೆಯನ್ನು ಬೆಸೆಯದೆ ಒಂದರ ಮೇಲೊಂದು ಮಡಿಚಿಟ್ಟು, ಆಮೇಲೆ ಕಣಜವನ್ನು ಬೈದರು.

ಗಾಳಿ ಅಷ್ಟು ಸಣ್ಣ ಸಂದಿನಲ್ಲಿ ಯಾಕೆ ನುಗ್ಗುತ್ತದೆ ಎಂದು ಕೇಳಬಹುದು. ಒಂದು ಲೆಕ್ಕ ಮಾಡೋಣ. 200 ಲೀಟರಿನ ಡ್ರಮ್ಮಿನಲ್ಲಿ ಸುಮಾರು 150 ಕಿಲೋ ಜೋಳ ಹಿಡಿಯುತ್ತದೆ. ತುಂಬಿ ತುಳುಕಿದಂತೆ ಕಂಡರೂ ಕಾಳು ಕಾಳುಗಳ ನಡುವಿನ ಸಂದು ಒಟ್ಟು ಗಾತ್ರದ ಶೇಕಡ 40ರಷ್ಟಿರುತ್ತದೆ. ಅಂದರೆ 80 ಲೀಟರ್ ಗಾಳಿ, ಅದರಲ್ಲಿ 17 ಲೀಟರಿನಷ್ಟು ಆಮ್ಲಜನಕ. ಗಾಳಿ ಪ್ರತಿ ಡಿಗ್ರಿ ಬಿಸಿಗೆ ತನ್ನ ಗಾತ್ರದ ಮುನ್ನೂರರಲ್ಲೊಂದು ಪಾಲು ಹಿಗ್ಗುತ್ತದೆ. ಹಗಲು ಒಳಗಿನ ಗಾಳಿ 10 ಡಿಗ್ರಿ ಬಿಸಿಯಾದರೆ ಎರಡೂವರೆ ಲೀಟರಿಗೂ ಹೆಚ್ಚು ಗಾಳಿ ಸಂದಿನಿಂದ ಹೊರಗೆ ಹೋಗುತ್ತದೆ. ರಾತ್ರಿ ತಣ್ಣಗಾದಾಗ ಅಷ್ಟೇ ಹೊಸ ಗಾಳಿಯನ್ನು ಡ್ರಮ್ಮು ಒಳಗೆ ಎಳೆದುಕೊಳ್ಳುತ್ತದೆ. ಸೋರುವ ಡ್ರಮ್ಮು ದಿನಕ್ಕೊಂದು ಸಲ ಉಸಿರಾಡುತ್ತದೆ, ಅದರ ಜೊತೆ ಹುಳುವೂ ಉಸಿರಾಡುತ್ತದೆ. ಬಿಸಿಲಿಗೆ ಇಟ್ಟ ಡ್ರಮ್ಮಿನಲ್ಲಿ ಈ ಉಸಿರಾಟ ಇನ್ನೂ ಹೆಚ್ಚು. ಡ್ರಮ್ಮನ್ನು ನೆರಳಿನಲ್ಲಿ, ಮಣೆಯ ಮೇಲೆ ಇಡಿರಿ ಎಂದು ನಾವು ಹೇಳುವುದು ಇದಕ್ಕೇ.

ಅದೇ ಡ್ರಮ್ಮನ್ನು ಅರ್ಧ ಮಾತ್ರ ತುಂಬಿದರೆ? ಮೇಲಿನ 100 ಲೀಟರ್ ಬರಿದೇ ಗಾಳಿ, ಕಾಳಿನ ಸಂದಿನಲ್ಲಿ 40 ಲೀಟರ್, ಒಟ್ಟು 140. ಆಮ್ಲಜನಕ 29 ಲೀಟರಿಗೂ ಹೆಚ್ಚು. ಅರ್ಧದಷ್ಟು ಕಾಳಿಗೆ ಸುಮಾರು ಎರಡರಷ್ಟು ಆಮ್ಲಜನಕ! ಆದ್ದರಿಂದ ಪಾತ್ರೆಯನ್ನು ಬಾಯಿಯವರೆಗೂ ತುಂಬಬೇಕು. ತುಂಬುವಷ್ಟು ಕಾಳಿಲ್ಲದಿದ್ದರೆ ಪಾತ್ರೆಯೇ ಸಣ್ಣದಿರಲಿ.

ಕೆಲವರು ಕಾಳಿನ ಮೇಲೆ ಮೇಣದ ಬತ್ತಿ ಹಚ್ಚಿಟ್ಟು ಮುಚ್ಚಳ ಹಾಕುತ್ತಾರೆ, ಬತ್ತಿ ಆಮ್ಲಜನಕವನ್ನೆಲ್ಲ ಸುಟ್ಟು ನಂದುತ್ತದೆ ಎಂಬ ನಂಬಿಕೆಯಿಂದ. ಬತ್ತಿ ಶೇಕಡ 16ರ ಸುಮಾರಿಗೇ ನಂದಿಹೋಗುತ್ತದೆ. ಆ ಗಾಳಿಯಲ್ಲಿ ಹುಳು ಆರಾಮವಾಗಿರುತ್ತದೆ. ಸ್ವಲ್ಪ ಮುಂಗಡ ಸಿಕ್ಕಿತೆಂದು ಬೇಕಾದರೆ ಹೇಳಬಹುದು, ಬೆಂಕಿಯ ಅಪಾಯವನ್ನು ಲೆಕ್ಕ ಹಾಕಿದರೆ ಅದೂ ಬೇಡ.

ಈಗ ಗುಳಿಗೆಯ ವಿಷಯ. ಅಲ್ಯೂಮಿನಿಯಂ ಫಾಸ್ಫೈಡಿನ 3 ಗ್ರಾಂ ಗುಳಿಗೆಯೊಂದು ಗಾಳಿಯ ತೇವಕ್ಕೆ 1 ಗ್ರಾಂ ಫಾಸ್ಫೀನ್ ಅನಿಲವನ್ನು ಬಿಡುತ್ತದೆ. ಈ ವಿಷ ತಗುಲಿದವರಿಗೆ ಪ್ರತ್ಯೌಷಧವಿಲ್ಲ. ಪಕ್ಕದ ಕೋಣೆಯಲ್ಲಿ ಕಾಳಿಗೆ ಗುಳಿಗೆ ಇಟ್ಟು ಮಲಗಿದ ಮನೆಯವರು ಬೆಳಗಾಗುವುದರೊಳಗೆ ತೀರಿಕೊಂಡ ಸುದ್ದಿಯನ್ನು ತಾವೂ ಪತ್ರಿಕೆಗಳಲ್ಲಿ ಓದಿರುತ್ತೀರಿ. ಗೋಡೆಯ ಬಿರುಕು, ಮಾಳಿಗೆಯ ಸಂದು, ಎಲ್ಲವೂ ಅದಕ್ಕೆ ದಾರಿಯೇ. ಇದಕ್ಕಾಗಿಯೇ 10 ಮತ್ತು 20 ಗುಳಿಗೆಗಳ ಸಣ್ಣ ಕೊಳವೆಗಳನ್ನು ಸರಕಾರ 2001ರಲ್ಲಿ ನಿಷೇಧಿಸಿತು. ಈ ಗುಳಿಗೆಯನ್ನು ಪರಿಣತರ ಮೇಲ್ವಿಚಾರಣೆಯಲ್ಲಿ ಗೋದಾಮುಗಳಲ್ಲಿ ಬಳಸಬಹುದೇ ಹೊರತು ಮನೆಯಲ್ಲಿ ಇಡತಕ್ಕದ್ದಲ್ಲ. ಆದರೂ ಅಂಗಡಿಯಲ್ಲಿ ಕಾಗದದಲ್ಲಿ ಸುತ್ತಿ ಬಿಡಿಬಿಡಿಯಾಗಿ ಕೊಡುವವರಿದ್ದಾರೆ, ಕೊಳ್ಳುವವರೂ ಇದ್ದಾರೆ.

ಇಲ್ಲಿ ನಮ್ಮ ಪಾಲಿನ ತಪ್ಪನ್ನೂ ಒಪ್ಪಿಕೊಳ್ಳಬೇಕು. ನಮಗಿಂತ ಹಿಂದಿನ ತಲೆಮಾರಿನ ವಿಸ್ತರಣಾ ಕಾರ್ಯಕರ್ತರು ಊರೂರಿಗೆ ಹೋಗಿ ಇ.ಡಿ.ಬಿ. ಆಂಪೂಲನ್ನು ಒಡೆದು ಕಾಳಿನಲ್ಲಿ ಹುದುಗಿಸಿರಿ ಎಂದು ಹೇಳಿಕೊಟ್ಟರು. ಆ ಇ.ಡಿ.ಬಿ.ಯೂ 2001ರಲ್ಲಿ ನಿಷೇಧಕ್ಕೆ ಒಳಗಾಯಿತು. ಒಂದರ ನಂತರ ಒಂದು ಔಷಧದ ಹೆಸರು ರೈತರ ಬಾಯಿಪಾಠವಾಯಿತು. ಪಾತ್ರೆಯನ್ನು ಗಾಳಿ ಆಡದಂತೆ ಮುಚ್ಚಿದ ಮೇಲೆ ಎಂಬ ಮಾತನ್ನು ನಾವು ಕರಪತ್ರದ ಕೊನೆಯ ಸಾಲಿನಲ್ಲಿ ಅಚ್ಚು ಹಾಕಿಸಿದೆವು. ಅದು ಮೊದಲ ಸಾಲಾಗಬೇಕಿತ್ತು.

ಸೋರುವ ಜಾಗದಲ್ಲಿ ಗುಳಿಗೆ ಇಡುವುದರಿಂದ ಇನ್ನೊಂದು ಕೇಡಿದೆ. ಅನಿಲ ಒಂದು ವಾರವಾದರೂ ಒಳಗೆ ನಿಂತರೆ ಮಾತ್ರ ತತ್ತಿ, ಕೋಶಗಳೂ ಸಾಯುತ್ತವೆ. ಎರಡು ದಿನದಲ್ಲಿ ಸೋರಿಹೋದರೆ ಗಟ್ಟಿ ಹುಳುಗಳು ಉಳಿದು ತಮ್ಮಂಥವನ್ನೇ ಹೆರುತ್ತವೆ. ವಿಶ್ವ ಆಹಾರ ಮತ್ತು ಕೃಷಿ ಸಂಸ್ಥೆ 1972-73ರಲ್ಲಿ ನಾನಾ ದೇಶಗಳಿಂದ ಹುಳುಗಳನ್ನು ತರಿಸಿ ಪರೀಕ್ಷಿಸಿದಾಗಲೇ ಸುಮಾರು ಹತ್ತರಲ್ಲೊಂದು ತಂಡ ಫಾಸ್ಫೀನಿಗೆ ಜಗ್ಗದಂತಾಗಿತ್ತು. ಈಗ ನಮ್ಮ ದೇಶದ ಗೋದಾಮುಗಳಲ್ಲಿಯೂ ಅಂಥ ಹುಳುಗಳಿವೆ. ಸಹಕಾರ ಸಂಘದ ಗೋದಾಮಿನಲ್ಲಿ ಚೀಲದ ಥಪ್ಪಿಗೆ ಹಾಳೆ ಹೊದಿಸಿ ಗುಳಿಗೆ ಇಡುವಾಗ, ಹಾಳೆಯ ಅಂಚಿನ ಮೇಲೆ ಮರಳು ತುಂಬಿದ ಉದ್ದನೆಯ ಚೀಲಗಳನ್ನು ಬಿಡುವಿಲ್ಲದೆ ಒಂದಕ್ಕೊಂದು ತಾಗಿಸಿ ಇಟ್ಟಿದ್ದಾರೆಯೇ, ನೆಲದ ಸಿಮೆಂಟು ಬಿರಿದಿದೆಯೇ ಎಂದು ಸದಸ್ಯರಾದ ತಾವು ಕೇಳಬೇಕು. ನಾಲ್ಕು ಕಲ್ಲು ಹೇರಿ ಕೈತೊಳೆದುಕೊಳ್ಳುವುದನ್ನು ನಾನು ಬೇಕಾದಷ್ಟು ಕಡೆ ನೋಡಿದ್ದೇನೆ.

ಆಸ್ಟ್ರೇಲಿಯಾದಲ್ಲಿ ಗಾಳಿಬಿಗಿ ಎಂದು ಮಾರುವ ಧಾನ್ಯದ ಸೈಲೋಗಳಿಗೆ 2010ರಿಂದ ಒಂದು ಮಾನಕವಿದೆ. ಒಳಗೆ ಸ್ವಲ್ಪ ಗಾಳಿ ಒತ್ತಿ ತುಂಬುತ್ತಾರೆ. ಆ ಒತ್ತಡ ಅರ್ಧಕ್ಕೆ ಇಳಿಯಲು ಹೊಸ ಸೈಲೋದಲ್ಲಿ ಕನಿಷ್ಠ 5 ನಿಮಿಷ ಹಿಡಿಯಬೇಕು. ಇಲ್ಲವಾದರೆ ಅದು ಗಾಳಿಬಿಗಿ ಅಲ್ಲ. ಅಲ್ಲಿಯ ರೈತ ಕೊಳ್ಳುವಾಗಲೇ ಈ ಪರೀಕ್ಷೆ ಮಾಡಿ ತೋರಿಸು ಎನ್ನಬಹುದು. ನಾವು ಸಂತೆಯಲ್ಲಿ ಡಬ್ಬಿ ಕೊಳ್ಳುವಾಗ ತಗಡಿನ ದಪ್ಪ ನೋಡುತ್ತೇವೆ, ಬೆರಳಿನಿಂದ ಬಾರಿಸಿ ನೋಡುತ್ತೇವೆ, ಬಾಯಿ ನೋಡುವುದಿಲ್ಲ. ರಿಯಾಯಿತಿ ದರದಲ್ಲಿ ಹಂಚುವ ಡಬ್ಬಿಗಳಿಗಾದರೂ ಮುಚ್ಚಳದ ಪರೀಕ್ಷೆ ಕಡ್ಡಾಯವಾಗಬೇಕೆಂಬುದು ನನ್ನ ಒತ್ತಾಯ.

ಅಲ್ಲಿಯತನಕ ಪರೀಕ್ಷೆಯನ್ನು ಮನೆಯಲ್ಲಿಯೇ ಮಾಡಿಕೊಳ್ಳಬಹುದು. ಖಾಲಿ ಡಬ್ಬಿಯನ್ನು ಬೆಳಗಿನ ತಂಪಿನಲ್ಲಿ ಬಿಗಿಯಾಗಿ ಮುಚ್ಚಿ ಬಿಸಿಲಿಗೆ ಇಡಿರಿ. ಬಿಸಿ ಏರುತ್ತಿದ್ದಂತೆ ಸಾಬೂನಿನ ನೊರೆಯನ್ನು ಬೆಸುಗೆ, ಮುಚ್ಚಳ, ಕಿಂಡಿಗಳ ಸುತ್ತ ಸವರಿರಿ. ಒಳಗಿನ ಗಾಳಿ ಹಿಗ್ಗಿ ಸೋರುವ ಕಡೆ ಗುಳ್ಳೆ ಏಳುತ್ತದೆ. ಅಲ್ಲಿ ಬೆಸುಗೆ ಹಾಕಿಸಬೇಕು. ಮುಚ್ಚಳದ ಅಂಚಿಗೆ ಹಳೆಯ ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿ ಎಳೆದು ಸುತ್ತಿದರೆ ಒಳ್ಳೆಯ ಬಿಗಿ ಬರುತ್ತದೆ. ಕೀಟನಾಶಕ ಬಂದ ಡ್ರಮ್ಮುಗಳನ್ನು ಮಾತ್ರ ಎಷ್ಟೇ ತೊಳೆದರೂ ಕಾಳಿಗೆ ಬಳಸಬೇಡಿರಿ.

ಡಬ್ಬಿಯ ಗೊಡವೆ ಬೇಡವೆನ್ನುವವರಿಗೆ ಮೂರು ಪದರದ ಚೀಲಗಳಿವೆ. 1980ರ ದಶಕದ ಕೊನೆಯಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು ಆಫ್ರಿಕದ ಕ್ಯಾಮರೂನ್ ದೇಶದ ಸಂಶೋಧಕರೊಡನೆ ಸೇರಿ ಅಲಸಂದೆ ಬೆಳೆಗಾರರಿಗಾಗಿ ಇದನ್ನು ರೂಪಿಸಿದರು. ಒಳಗೆ ದಪ್ಪ ಪಾಲಿಥೀನಿನ ಎರಡು ಚೀಲ, ಹೊರಗೆ ನೇಯ್ದ ಪ್ಲಾಸ್ಟಿಕ್ ಚೀಲ. ಹುಳು ಒಳಚೀಲವನ್ನು ಅಲ್ಲಲ್ಲಿ ಕೊರೆದರೂ ಎರಡನೆಯದು ಗಾಳಿಯನ್ನು ತಡೆಯುತ್ತದೆ, ಹೊರಗಿನದು ಭಾರ ಹೊರುತ್ತದೆ. ಮೊದಲ ಚೀಲಕ್ಕೆ ಕಾಳು ತುಂಬಿ, ಕೈಯಿಂದ ಒತ್ತಿ ಗಾಳಿ ತೆಗೆದು, ಕೊರಳನ್ನು ಹುರಿ ಮಾಡಿ ತಿರುಚಿ, ಮಡಿಚಿ ಬಿಗಿಯಾಗಿ ಕಟ್ಟಬೇಕು. ಎರಡನೆಯದಕ್ಕೂ ಹಾಗೆಯೇ, ಆಮೇಲೆ ಹೊರಚೀಲಕ್ಕೆ. ತುಂಬುವ ಮೊದಲು ಒಳಚೀಲವನ್ನು ಊದಿ ಹಿಚುಕಿ ನೋಡಿದರೆ ತೂತು ಗೊತ್ತಾಗುತ್ತದೆ. ಇಲಿಯಿಂದ ಇದನ್ನು ಕಾಯಬೇಕು, ಅದೇ ಇದರ ದೊಡ್ಡ ಕೊರತೆ.

ಯಾವುದೇ ಗಾಳಿಬಿಗಿ ಪಾತ್ರೆಗೆ ಹಸಿ ಕಾಳು ಹಾಕಿದರೆ ಮಾತ್ರ ಕೆಟ್ಟಿತು. ಗೋಣಿಚೀಲದಲ್ಲಿ ಆರುತ್ತಿದ್ದ ತೇವ ಇಲ್ಲಿ ಆರುವುದಿಲ್ಲ. ಬೂಷ್ಟು ಹಿಡಿಯುತ್ತದೆ, ಹುಳಿವಾಸನೆ ಬರುತ್ತದೆ, ಮೊಳಕೆಯೂ ಸಾಯುತ್ತದೆ. ಜೋಳ, ಗೋಧಿ, ಮೆಕ್ಕೆಜೋಳ, ಭತ್ತಗಳಲ್ಲಿ ತೇವಾಂಶ ಶೇಕಡ 12ಕ್ಕೆ, ಬೇಳೆಕಾಳುಗಳಲ್ಲಿ 9-10ಕ್ಕೆ ಇಳಿದಿರಬೇಕು. ಅಳೆಯುವ ಯಂತ್ರವಿಲ್ಲದಿದ್ದರೆ ಒಣಗಿದ ಗಾಜಿನ ಬಾಟಲಿಗೆ ಒಂದಿಷ್ಟು ಕಾಳು, ಹುರಿದು ಆರಿಸಿದ ಒಂದು ಚಮಚ ಪುಡಿಯುಪ್ಪು ಹಾಕಿ ಚೆನ್ನಾಗಿ ಕುಲುಕಿ ಹತ್ತು ನಿಮಿಷ ಬಿಡಿರಿ. ಉಪ್ಪು ಗಾಜಿಗೆ ಅಂಟಿದರೆ ಕಾಳು ಹಸಿ ಎಂದು ತಿಳಿದು ಮತ್ತೆ ಬಿಸಿಲಿಗೆ ಹಾಕಿರಿ. ಅಂಟದಿದ್ದರೂ ಇನ್ನೂ ಒಂದೆರಡು ಬಿಸಿಲು ಕೊಡುವುದು ಲೇಸು, ಏಕೆಂದರೆ ಈ ಪರೀಕ್ಷೆ ಶೇಕಡ 15ರ ಆಚೆಗಿನ ತೇವವನ್ನಷ್ಟೇ ತೋರಿಸುತ್ತದೆ. ಬಿಸಿಲಿನಿಂದ ತಂದ ಕಾಳನ್ನು ಬಿಸಿಬಿಸಿಯಾಗಿ ತುಂಬದೆ ಆರಿಸಿ ತುಂಬಿರಿ.

ಇನ್ನೊಂದು ಮಾತನ್ನು ಮನೆಯ ಹೆಣ್ಣುಮಕ್ಕಳ ಎದುರಿಗೇ ಹೇಳಬೇಕು, ಡಬ್ಬಿಯ ಕೀಲಿ ಅವರ ಕೈಯಲ್ಲಿರುವುದರಿಂದ. ದಿನಾ ಒಂದು ಸೇರು ತೆಗೆಯಲು ದೊಡ್ಡ ಡಬ್ಬಿ ತೆರೆದರೆ ದಿನಾ ಹೊಸ ಗಾಳಿ ಕೊಟ್ಟಂತೆ. ತಿಂಗಳ ಖರ್ಚಿಗೆ ಬೇಕಾದಷ್ಟನ್ನು ಬೇರೆ ಸಣ್ಣ ಡಬ್ಬಿಗೆ ತೆಗೆದಿರಿಸಿ, ಅಡಿಗೆಗೆ ಅದರಿಂದ ತೆಗೆಯಬೇಕು. ಬಿತ್ತನೆಯ ಕಾಳಿನದನ್ನು ಮಿರಗದ ಮಳೆ ಬರುವವರೆಗೆ ಮುಟ್ಟಲೇಬಾರದು.

ಆ ಹಿರಿಯರು ಈ ವರ್ಷ ಜನವರಿಯಲ್ಲಿ ರಾಶಿ ಮಾಡಿ ನಾಲ್ಕು ಕ್ವಿಂಟಾಲ್ ತೊಗರಿಯನ್ನು ಮಾರದೆ ಇಟ್ಟುಕೊಂಡಿದ್ದಾರೆ. ಹಿಂದೆಲ್ಲ ನುಸಿಯ ಹೆದರಿಕೆಯಿಂದ ರಾಶಿಯಾದ ವಾರದಲ್ಲಿಯೇ, ಬಂದ ದರಕ್ಕೆ ಅಡತಿಗೆ ಹಾಕಿ ಬರುತ್ತಿದ್ದರು. ನಗ್ಗಿದ ಅಂಚನ್ನು ಬಡಿಗೇರರಿಂದ ಸರಿಮಾಡಿಸಿ, ಕೆಳಗಿನ ಕಿಂಡಿಯನ್ನು ಬೆಸುಗೆ ಹಾಕಿಸಿ ಮುಚ್ಚಿಸಿದ್ದಾರೆ. ಡಬ್ಬಿ ಹಿಡಿಸದೆ ಉಳಿದದ್ದು ಮೂರು ಪದರದ ಚೀಲಗಳಲ್ಲಿದೆ. ಡಬ್ಬಿಯನ್ನು ತೊಟ್ಟಿಲಿನ ಕೋಣೆಯಿಂದ ಪಡಸಾಲೆಗೆ ಸಾಗಿಸಿದ್ದಾರೆ. ಹೋದ ವಾರ ಫೋನು ಮಾಡಿದ್ದರು, ತೆರೆದು ನೋಡಲೇ ಎಂದು ಕೇಳಲು. ಇನ್ನೂ ಎರಡು ತಿಂಗಳು ಬೇಡವೆಂದು ಹೇಳಿದ್ದೇನೆ.